ಹತ್ತೇ ನಿಮಿಷದ ಆಟ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೋಪ ಬಂದಿದೆ. ಸಂಪಾದಕರ ಮೇಲೆ, ನಮ್ಮ ಯಜಮಾನರ ಮೇಲೆ, ಮತ್ತು ಒಂದು ಮೊಲದ ಮೇಲೆ. ಮೂವರಲ್ಲಿ ಜೀವವಿಲ್ಲದ್ದು ಮೊಲ ಮಾತ್ರ, ಆದರೂ ಹೆಚ್ಚಿನ ಕೋಪ ಅದರ ಮೇಲೆಯೇ.

ನಾನು ಒಂದು ವಾರಪತ್ರಿಕೆಗೆ ಮನೆ ಸಾಮಾನುಗಳ ವಿಮರ್ಶೆ ಬರೆಯುವವಳು. ಅರ್ಧ ಪುಟ, ಮೂಲೆಯಲ್ಲಿ ನನ್ನ ಭಾವಚಿತ್ರ (ಮದುವೆಗೆ ಮುಂಚಿನದು). ನೆಲ ಒರೆಸುವ ಕೋಲು, ಇಸ್ತ್ರಿಪೆಟ್ಟಿಗೆ, ತಳ ಹತ್ತುವುದೇ ಇಲ್ಲ ಎಂದು ಜಂಬ ಕೊಚ್ಚಿಕೊಂಡು ಬಂದ ಬಾಣಲೆ, ಎಲ್ಲವೂ ನನ್ನ ಕೈಯಲ್ಲಿ ಉಗಿಸಿಕೊಂಡಿವೆ. ಬಳಸಿ ನೋಡದೆ ನಾನು ಬರೆಯುವುದಿಲ್ಲ, ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರುವುದಿಲ್ಲ. ಆ ಬಾಣಲೆಗಾಗಿ ಸುಟ್ಟುಕೊಂಡ ಹೆಬ್ಬೆರಳಿನ ಕಲೆ ಈಗಲೂ ಇದೆ, ಬೇಕಾದವರು ಬಂದು ನೋಡಬಹುದು.

ಇಂಥವಳಿಗೆ ಭಾನುವಾರ ಬೆಳಿಗ್ಗೆ ಸಂಪಾದಕರು ಫೋನು ಮಾಡಿದರು.

"ಮೇಡಂ, ಈ ಸಲ ಒಂದು ಕಂಪ್ಯೂಟರ್ ಗೇಮ್ ಕಳ್ಸಿದೀನಿ. ಬಣ್ಣಬಣ್ಣದ ಮಣಿ ಜೋಡಿಸೋದು. ಅದರ ಮೇಲೆ ಬರೆದುಕೊಡಿ."

"ನಾನು ಬಾಣಲೆ ಮೇಲೆ ಬರಿಯೋಳು ಸಾರ್. ಗೇಮ್‌ಗೂ ನಂಗೂ ಏನು ಸಂಬಂಧ?"

"ಗೃಹಿಣಿಯರಿಗೆ ಅಂತಾನೇ ಮಾಡಿರೋದಂತೆ. ಆಡಿದ್ರೆ ಕೋಪ ಇಳಿಯತ್ತಂತೆ."

"ನಂಗೆ ಕೋಪ ಜಾಸ್ತಿ ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳ್ಬೇಕಾಗಿಲ್ಲ ಮೇಡಂ. ಇವತ್ತು ಸಾಯಂಕಾಲದೊಳಗೆ ಬೇಕು, ಪುಟ ಅಚ್ಚಿಗೆ ಹೋಗತ್ತೆ. ಬರ್ಲಿಲ್ಲ ಅಂದ್ರೆ ನಾನೇ ಮನೆಗೆ ಬಂದು ಇಸ್ಕೊಂಡು ಹೋಗ್ತೀನಿ. ಆಗ್ಲೂ ಇಲ್ಲ ಅಂದ್ರೆ ನಮ್ಮ ನಾದಿನಿ ಕುಂಡದ ಗಿಡಗಳ ಬಗ್ಗೆ ಒಂದು ಬರೆದಿಟ್ಟಿದಾಳೆ, ಅದನ್ನೇ ಹಾಕ್ತೀನಿ."

ಆ ನಾದಿನಿಯ ಕಣ್ಣು ನನ್ನ ಅರ್ಧ ಪುಟದ ಮೇಲೆ ಬಿದ್ದು ಬಹಳ ದಿನವಾಯಿತು. ಭಾವಚಿತ್ರವನ್ನೂ ಕೊಟ್ಟಿಟ್ಟಿದ್ದಾಳೆಂದು ಕೇಳಿದ್ದೇನೆ. ಹಲ್ಲು ಕಡಿದುಕೊಂಡು ಕಂಪ್ಯೂಟರಿನ ಮುಂದೆ ಕೂತೆ.

ಆಟದ ಹೆಸರು 'ಮಣಿತೋಟ'. ಪರದೆಯ ಮೇಲಿನಿಂದ ಬಣ್ಣದ ಮಣಿಗಳು ಉದುರುತ್ತವೆ. ಒಂದೇ ಬಣ್ಣದ ಮೂರನ್ನು ಅಕ್ಕಪಕ್ಕಕ್ಕೆ ತಂದರೆ ಗಂಟೆ ಹೊಡೆದು ಒಡೆದುಹೋಗುತ್ತವೆ. ಒಡೆದ ಜಾಗಕ್ಕೆ ಇನ್ನಷ್ಟು ಉದುರುತ್ತವೆ. ಅಷ್ಟೇ. ನಮ್ಮ ಮನೆಯ ಸಿಂಕಿನಲ್ಲಿ ಪಾತ್ರೆಗಳು ಮಾಡುವುದೂ ಇದನ್ನೇ, ತೊಳೆದಷ್ಟೂ ಬೀಳುತ್ತವೆ. ಈ ಸುಖಕ್ಕೆ ಕಂಪ್ಯೂಟರು ಯಾಕೆ ಬೇಕು ಎಂದು ಮೈಯೆಲ್ಲ ಉರಿಯಿತು.

ಇನ್ನು ಆ ಮೊಲ. ಪರದೆಯ ಮೂಲೆಯಲ್ಲಿ ಕತ್ತಿಗೊಂದು ರಿಬ್ಬನ್ನು ಕಟ್ಟಿಕೊಂಡು ಕೂತಿರುತ್ತದೆ. ಮೂರು ಮಣಿ ಒಡೆದ ಕೂಡಲೇ "ಭೇಷ್, ನಿಮ್ಮಂಥ ಜಾಣೆ ಇನ್ನೊಬ್ಬರಿಲ್ಲ" ಎನ್ನುತ್ತದೆ. ನಾನು ಬೆಳಗೆದ್ದರೆ ಡಬ್ಬಕ್ಕೆ ಮುಚ್ಚಳ ಜೋಡಿಸುತ್ತೇನೆ, ಕಾಲುಚೀಲಕ್ಕೆ ಕಾಲುಚೀಲ ಜೋಡಿಸುತ್ತೇನೆ, ಯಜಮಾನರು ನಿನ್ನೆ ಹೇಳಿದ್ದಕ್ಕೆ ಇವತ್ತು ಹೇಳಿದ್ದನ್ನು ಜೋಡಿಸಿ ನೋಡುತ್ತೇನೆ. ಈ ಮನೆಯಲ್ಲಿ ಯಾವ ಪ್ರಾಣಿಯಾದರೂ ಭೇಷ್ ಎಂದಿದೆಯೇ? ಸಾಕು ಎಂದು ಎದ್ದರೆ ಆ ಮೊಲ ಕಿವಿ ಜೋಲುಬಿಟ್ಟುಕೊಂಡು ದೊಡ್ಡ ದನಿ ತೆಗೆದು ಅಳುತ್ತದೆ. "ಹೋಗ್ತೀರಾ? ನನ್ನ ಬಿಟ್ಟು ಹೋಗ್ತೀರಾ?" ಹೌದು ಕಣೋ, ಹೋಗ್ತೀನಿ ಎಂದು ಎದ್ದೇ ಹೋದೆ.

ಊಟದ ಹೊತ್ತಿಗೆ ವಿಮರ್ಶೆ ಸಿದ್ಧವಾಗಿತ್ತು. ಉಪ್ಪು ಖಾರ ಹಚ್ಚಿ ಬರೆದಿದ್ದೆ. ಕೊನೆಯ ಸಾಲು ಇದು: "ವಿವೇಕವಿರುವ ಯಾವ ಹೆಂಗಸೂ ಇದರ ಮುಂದೆ ಹೆಚ್ಚು ಹೊತ್ತು ಕೂರಲಾರಳು. ನಾನಂತೂ ಹತ್ತೇ ನಿಮಿಷದಲ್ಲಿ ಬಿಟ್ಟೆದ್ದೆ." ಬರೆದಾಗ ಅದು ಅಕ್ಷರಶಃ ನಿಜವಾಗಿತ್ತು, ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಹಾಳೆಯ ಮೇಲೆ ಬರೆದು, ಫೋನಿನಲ್ಲಿ ಫೋಟೋ ಹಿಡಿದು ಕಳುಹಿಸುವವಳು. ಊಟ ಮುಗಿಸಿ ಫೋನನ್ನು ಕೈಗೆತ್ತಿಕೊಂಡೆ. ಆಗ ಒಂದು ಅನುಮಾನ ಬಂತು. ಮೊಲದ ರಿಬ್ಬನ್ನು ಹಳದಿ ಎಂದು ಬರೆದಿದ್ದೆ. ಹಳದಿಯೋ, ಕಿತ್ತಳೆಯೋ?

ಬೇರೆಯವರಾಗಿದ್ದರೆ ಹೋಗಲಿ ಬಿಡು ಎನ್ನುತ್ತಿದ್ದರು. ನನ್ನ ಬರಹದಲ್ಲಿ ಒಂದಕ್ಷರ ಸುಳ್ಳಿರಬಾರದು. ನೋಡಿ ಮುಚ್ಚಿಬಿಡೋಣ ಎಂದು, ಹಳದಿಯೋ ಕಿತ್ತಳೆಯೋ ಎಂದು ಗೊಣಗುತ್ತಾ ಆಟ ತೆರೆದೆ.

"ಕಿತ್ತಳೆ ಕಣೇ ಅದು," ಎಂದು ಬೆನ್ನ ಹಿಂದಿನಿಂದ ದನಿ ಬಂತು.

ನಮ್ಮ ಯಜಮಾನರು. ಇವರು ಲಿಫ್ಟ್ ರಿಪೇರಿ ಮಾಡುವವರು. ಊರಿನ ಲಿಫ್ಟುಗಳೆಲ್ಲ ಇವರ ಕೈಗುಣದಿಂದ ಏರಿ ಇಳಿಯುತ್ತವೆ. ನಾವು ನಾಲ್ಕನೇ ಮಹಡಿಯಲ್ಲಿರುವ ಈ ಕಟ್ಟಡದ ಲಿಫ್ಟು ಮಾತ್ರ ತನಗೆ ಮನಸ್ಸು ಬಂದಾಗ ಮಹಡಿಗಳ ನಡುವೆ ನಿಂತುಬಿಡುತ್ತದೆ. ಕೇಳಿದರೆ "ರಜಾ ದಿನಾನೂ ಅದೇ ಕೆಲ್ಸಾನಾ" ಎನ್ನುತ್ತಾರೆ.

"ಹಳದಿ ರೀ. ಕಣ್ಣು ತೋರಿಸ್ಕೊಳ್ಳಿ."

"ಮುಂದಿನ ತೋಟಕ್ಕೆ ಹೋಗು, ನೀನು ಬರೀತಿದ್ದಾಗ ನಾನು ನೋಡಿದೀನಿ, ಅಲ್ಲಿ ಬೆಳಕು ಜಾಸ್ತಿ ಇದೆ. ಸರಿಯಾಗಿ ಕಾಣತ್ತೆ."

ಮುಂದಿನ ತೋಟಕ್ಕೆ ಹೋಗಬೇಕಾದರೆ ಈ ತೋಟದ ಮಣಿಗಳನ್ನೆಲ್ಲ ಒಡೆಯಬೇಕು. ಒಡೆದೆ. ಅಲ್ಲಿ ರಿಬ್ಬನ್ನು ಇನ್ನೊಂದು ಬಣ್ಣದಲ್ಲಿತ್ತು. ನಾನು ಗಿಣಿಹಸಿರು ಎಂದೆ, ಇವರು ಪಾಚಿಹಸಿರು ಎಂದರು. ತೀರ್ಮಾನಕ್ಕಾಗಿ ಅದರ ಮುಂದಿನ ತೋಟಕ್ಕೆ ಹೋದೆವು.

"ಆ ನೇರಳೆ ಎಡಕ್ಕೆ ತಳ್ಳೇ."

"ನೀವು ಸುಮ್ನಿರಿ. ವಿಮರ್ಶಕಿ ನಾನು."

"ವಿಮರ್ಶಕಿ ಆದ್ರೆ ನೇರಳೆ ಎಡಕ್ಕೆ ತಳ್ಳಬಾರದು ಅಂತ ಇದೆಯಾ? ಸರಿ ಆ ಕಡೆ, ನಾನು ತಳ್ತೀನಿ."

ಇದ್ದದ್ದು ಒಂದೇ ಕುರ್ಚಿ. ಇವರು ಅರ್ಧ ಕೂತರು, ನಾನು ಅರ್ಧ ಕೂತೆ. ಮದುವೆಯ ಫೋಟೋ ತೆಗೆಸಿಕೊಂಡ ಮೇಲೆ ನಾವಿಬ್ಬರು ಇಷ್ಟು ಒತ್ತಾಗಿ ಕೂತದ್ದು ಇದೇ ಮೊದಲು, ಇಷ್ಟು ಕಿತ್ತಾಡಿದ್ದೂ ಇದೇ ಮೊದಲು. ಮೌಸಿಗಾಗಿ ಮಣಿಕಟ್ಟು ಹಿಡಿದು ತಿರುಚಿಕೊಂಡೆವು. ಅದರ ಮಧ್ಯೆ ಫೋನು ಹೊಡೆಯಿತು. ಸಂಪಾದಕರು. ಸಾಯಂಕಾಲದೊಳಗೆ ಎಂದ ಮನುಷ್ಯನಿಗೆ ಈಗಲೇ ಏನು ಆತುರ ಎಂದು ಕಟ್ ಮಾಡಿದೆ. ಮತ್ತೆ ಹೊಡೆಯಿತು, ಮತ್ತೆ ಕಟ್ ಮಾಡಿದೆ. ಮೂರನೇ ಸಲ ಪಿತ್ತ ನೆತ್ತಿಗೇರಿ ಫೋನನ್ನು ದಿಂಬಿನ ಕೆಳಗೆ ತುರುಕಿದೆ.

ಹೊರಗಿನ ಕೋಣೆಯಿಂದ ಅತ್ತೆ ಕೂಗಿದರು. "ಎಲ್ಲೋ ಗಂಟೆ ಹೊಡೀತಿದೆ ಕಣೇ."

"ಇಲ್ಲೇ ಅತ್ತೆ. ಆಟದ್ದು."

"ಇದು ಉದ್ದಕ್ಕೆ ಹೊಡ್ಕೋತಿದೆ."

"ಉದ್ದಕ್ಕೆ ಮಣಿ ಒಡೆದ್ರೆ ಉದ್ದಕ್ಕೇ ಹೊಡಿಯತ್ತೆ ಅತ್ತೆ."

"ಯಾರೋ ಬಾಯಿ ಬಡ್ಕೊಂಡ ಹಾಗೂ ಕೇಳಿಸ್ತಿದೆಯಲ್ಲೇ."

"ಅದು ಮೊಲ."

ಅತ್ತೆಯವರಿಗೆ ಕಿವಿ ಮಂದ. ಕೇಳಬಾರದ್ದೆಲ್ಲ ಮಾತ್ರ ಚೆನ್ನಾಗಿ ಕೇಳುತ್ತದೆ ಎಂದು ಗೊಣಗಿಕೊಂಡು ನಾನು ನೀಲಿ ಮಣಿಗಳ ಕಡೆ ತಿರುಗಿದೆ. ಮೊಲ ಭೇಷ್ ಎಂದಿತು. ಇವರು "ಅದು ನಂಗೆ ಹೇಳಿದ್ದು" ಎಂದರು. "ಜಾಣೆ ಅಂತಿದೆ ರೀ, ನಿಮಗೆ ಹೇಗೆ ಹೇಳತ್ತೆ" ಎಂದು ನಾನು ಜಗಳಕ್ಕೆ ನಿಂತೆ.

ಎಷ್ಟು ತೋಟ ದಾಟಿದೆವೋ ಕಾಣೆ. ಅತ್ತೆ ಬಂದು ಬಾಗಿಲಲ್ಲಿ ನಿಂತರು.

"ನಾನೇ ಹೋಗಿ ನೋಡಿ ಬಂದೆ. ಲಿಫ್ಟು ಸಿಕ್ಕಿಹಾಕ್ಕೊಂಡಿದೆ. ಒಳಗೆ ಯಾರೋ ಪತ್ರಿಕೆಯೋರಂತೆ. ನಿನ್ನ ಹೆಸರು ಹಿಡಿದು ಏನೇನೋ ಅಂತಿದಾರೆ. ಒಳ್ಳೇ ಮಾತಲ್ಲ."

ಕಿಟಕಿಯಾಚೆ ನೋಡಿದೆ, ಕತ್ತಲಾಗಿತ್ತು. ಯಜಮಾನರು ಬನಿಯನ್ನಿನಲ್ಲೇ ಸ್ಪ್ಯಾನರು ಹಿಡಿದು ಎದ್ದರು.

"ದಿನಾ ಕೇಳೋ ಲಿಫ್ಟಿನ ಗಂಟೆ ರೀ ಅದು. ನಿಮಗೂ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ಭಾನುವಾರ ಅಲ್ವಾ ಅಂತ ಸುಮ್ನಿದ್ದೆ."

ಅವರನ್ನು ಆಮೇಲೆ ವಿಚಾರಿಸಿಕೊಳ್ಳೋಣ ಎಂದು ನಾನೂ ಹಿಂದೆಯೇ ಓಡಿದೆ. ಮೂರು ಮತ್ತು ನಾಲ್ಕನೇ ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದ ಲಿಫ್ಟಿನಿಂದ ಸಂಪಾದಕರು ಮೊಣಕಾಲೂರಿ ತೆವಳುತ್ತಾ ಹೊರಬಂದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕನ್ನಡಕ ಒಂದು ಕಿವಿಯಲ್ಲಿ ಜೋತಾಡುತ್ತಿತ್ತು. ಮನೆಯೊಳಗೆ ಬಂದು ಎರಡು ಲೋಟ ನೀರು ಕುಡಿದರು. ನನ್ನ ಕಣ್ಣ ಮುಂದೆ ಕುಂಡದ ಗಿಡಗಳು ಸಾಲಾಗಿ ಬಂದು ನಿಂತವು. ಓಡಿಹೋಗಿ ಹಾಳೆ ತಂದುಕೊಟ್ಟೆ.

"ಆಗ್ಲೇ ಬರೆದು ಮುಗಿಸಿದ್ದೆ ಸಾರ್. ಅಡುಗೆಮನೇಲಿದ್ದೆ, ಫೋನು ಕೇಳಿಸ್ಲೇ ಇಲ್ಲ."

ಸರಿಯಾಗಿ ಆ ಗಳಿಗೆಯಲ್ಲಿ ಒಳಗಿನಿಂದ ಆ ದರಿದ್ರ ಮೊಲ ದನಿ ತೆಗೆಯಿತು. "ಹೋಗ್ತೀರಾ? ನನ್ನ ಬಿಟ್ಟು ಹೋಗ್ತೀರಾ?"

ಸಂಪಾದಕರು ಕೋಣೆಯ ಕಡೆ ನೋಡಿದರು.

"ಅದು ಮೊಲ," ಎಂದು ಅತ್ತೆ ಸಮಾಧಾನ ಹೇಳಿದರು. "ಇವರಿಬ್ರೂ ಊಟ ಆದಾಗಿಂದ ಅದರ ಮುಂದೆನೇ ಕೂತಿದಾರೆ. ಎದ್ದು ಹೋದ್ರೆ ಪಾಪ ಅಳತ್ತೆ."

ನಾನು ಅತ್ತೆಯವರನ್ನು ಕಣ್ಣಲ್ಲೇ ಸುಟ್ಟೆ. ಅವರು ಲೋಟ ಎತ್ತಿಕೊಂಡು ಹೋದರು. ಸಂಪಾದಕರು ನಿಂತಲ್ಲೇ ವಿಮರ್ಶೆ ಓದಿದರು, ಕೊನೆಯ ಸಾಲನ್ನು ಇನ್ನೊಮ್ಮೆ ಓದಿದರು. ಜೇಬಿನಿಂದ ಪೆನ್ನು ತೆಗೆದು ಹಾಳೆಯ ಕೆಳಗೆ ಏನೋ ಬರೆದುಕೊಂಡರು.

"ಪುಟ ನಿಮ್ಮದೇ ಮೇಡಂ. ಒಂದಕ್ಷರಾನೂ ತೆಗೆಯಲ್ಲ," ಎಂದು ಹೇಳಿ ಮೆಟ್ಟಿಲಿಳಿದು ಹೋದರು.

ಗೆದ್ದೆ ಎಂದುಕೊಂಡೆ. ಯಜಮಾನರನ್ನೂ ಅತ್ತೆಯವರನ್ನೂ ಒಂದೇ ಉಸಿರಿನಲ್ಲಿ ತರಾಟೆಗೆ ತೆಗೆದುಕೊಂಡೆ. ಇವರ ಉದಾಸೀನದಿಂದ ನನ್ನ ಮಾನ ಹೋಗುವುದರಲ್ಲಿತ್ತು, ಬರೆದದ್ದು ಗಟ್ಟಿಯಾಗಿದ್ದರಿಂದ ಉಳಿಯಿತು ಎಂದೆ.

ಇವತ್ತು ಪತ್ರಿಕೆ ಬಂತು. ಯಜಮಾನರು ಹಜಾರದ ನಡುವೆ ನಿಂತು ಗಟ್ಟಿಯಾಗಿ ಓದಿದರು. ಕೊಟ್ಟ ಮಾತಿನಂತೆ ಒಂದಕ್ಷರವನ್ನೂ ತೆಗೆದಿಲ್ಲ. ನನ್ನ ಕೊನೆಯ ಸಾಲಿನ ಕೆಳಗೆ, ನನ್ನ ಭಾವಚಿತ್ರಕ್ಕೆ ತಾಗಿದಂತೆ, ಇಷ್ಟು ಸೇರಿಸಿದ್ದಾರೆ:

(ವಿಮರ್ಶಕಿ ಈ ಆಟವನ್ನು ಹತ್ತೇ ನಿಮಿಷದಲ್ಲಿ ಬಿಟ್ಟೆದ್ದುದಾಗಿ ಬರೆದಿದ್ದಾರೆ. ಆ ಹತ್ತು ನಿಮಿಷವೂ ನಾನು ಅವರ ಕಟ್ಟಡದ ಲಿಫ್ಟಿನೊಳಗಿದ್ದೆ. ಹತ್ತುವಾಗ ಬಿಸಿಲಿತ್ತು, ಇಳಿಯುವಾಗ ಬೀದಿ ದೀಪ ಉರಿಯುತ್ತಿತ್ತು. - ಸಂ.)

"ಭೇಷ್, ನಿಮ್ಮಂಥ ಜಾಣೆ ಇನ್ನೊಬ್ಬರಿಲ್ಲ," ಎಂದರು ಯಜಮಾನರು. ಇಷ್ಟು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಬಂದ ಮೊದಲ ಭೇಷ್ ಇದು.

ಬೆಳಗಿನಿಂದ ಫೋನು ಬಿಡುವಿಲ್ಲದೆ ಹೊಡೆಯುತ್ತಿದೆ. ಎತ್ತಿದ ಮೊದಲನೆಯದು ಒಬ್ಬ ಓದುಗರದ್ದು, ನನ್ನ ನಿಷ್ಠುರ ವಿಮರ್ಶೆಯ ಬಗ್ಗೆ ಏನೂ ಹೇಳಲಿಲ್ಲ, ಆ ಆಟ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಆಮೇಲೆ ಯಾವುದನ್ನೂ ಎತ್ತಿಲ್ಲ. ಯಾರು ಏನೇ ಅಂದುಕೊಳ್ಳಲಿ, ಫೋನು ದಿಂಬಿನ ಕೆಳಗಿದೆ, ಯಜಮಾನರು ಕುರ್ಚಿ ಬಿಟ್ಟುಕೊಡುತ್ತಿಲ್ಲ, ಮತ್ತು ಆ ರಿಬ್ಬನ್ನು ಹಳದಿಯೇ.