ನಾಲ್ಕು ಆಳು, ಒಂದು ಸುಣ್ಣದ ಡಬ್ಬಿ

ಯಾವ ಕೆಲಸವಾದರೂ ನನ್ನ ಕೈಗೆ ಬಂದ ಕೂಡಲೇ ಫಜೀತಿಯಾಗುವುದು ಯಾಕೋ ಇವತ್ತಿಗೂ ನನಗೆ ಅರ್ಥವಾಗಿಲ್ಲ. ಎಂಬತ್ತರ ದಶಕದಲ್ಲಿ ತಿಪಟೂರಿನ ಒಂದು ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ನಮ್ಮ ಪ್ರಿನ್ಸಿಪಾಲರು ಬೆಂಗಳೂರಿನ ಸಭೆಯೊಂದರಿಂದ ತಲೆಗೆ ಹೊಸ ಹುಳ ಬಿಟ್ಟುಕೊಂಡು ಬಂದರು. ಒಂದು ದೊಡ್ಡ ಲೆಕ್ಕವನ್ನು ಹೋಳು ಮಾಡಿ ಹಲವು ಕಂಪ್ಯೂಟರುಗಳಿಗೆ ಹಂಚಿ, ಒಟ್ಟಿಗೇ ಮಾಡಿ ಮುಗಿಸುವುದಂತೆ. ಪ್ಯಾರಲಲ್ ಕಂಪ್ಯೂಟಿಂಗ್ ಅಂತ ಹೆಸರಂತೆ. ಅದು ಲೋಕದಲ್ಲಿ ಯಾವ ಕೆಲಸಕ್ಕೆ ಬರುತ್ತದೆ ಅಂತ ನಾನು ಓದಿ, ಬರಲಿರುವ ಕಮಿಟಿಯ ಮುಂದೆ ಹೇಳಬೇಕು. ಕಮಿಟಿ ಒಪ್ಪಿದರೆ ಕಾಲೇಜಿಗೆ ನಾಲ್ಕು ಕಂಪ್ಯೂಟರು. ಅದುವರೆಗೆ ಒಂದನ್ನೂ ಕಣ್ಣಿಂದ ನೋಡದಿದ್ದರೂ, ಆ ನಾಲ್ಕು ಬೇಕೇ ಬೇಕು ಅಂತ ನನಗೂ ಆಸೆ ಹತ್ತಿಬಿಟ್ಟಿತು.

ಮಳೆ ಮೇಷ್ಟ್ರು

ಬೆಂಗಳೂರಿನ ಲೈಬ್ರರಿಯಲ್ಲಿ ಕೂತು ಓದಿದೆ. ಹೊರದೇಶಗಳಲ್ಲಿ ಹವಾಮಾನದ ಲೆಕ್ಕಕ್ಕೆ ಇಂಥ ಯಂತ್ರ ಬಳಸುತ್ತಾರಂತೆ. ಆಕಾಶವನ್ನು ಚೌಕ ಚೌಕ ಮಾಡಿ ಹಂಚಿಬಿಡುವುದು. ಊರಿಗೆ ಬಂದು ಹೋಟೆಲಿನಲ್ಲಿ ಇದನ್ನು ಹೇಳಿದ್ದೇ ತಪ್ಪಾಯಿತು. ಮಾರನೆಯ ದಿನದಿಂದ ಕೊಬ್ಬರಿ ಒಣಹಾಕುವವರೆಲ್ಲ ನಮ್ಮ ಬಾಗಿಲಿಗೆ ಬಂದು ಇವತ್ತು ಮಳೆ ಬರುತ್ತಾ ಅಂತ ಕೇಳುವುದು. ನನಗೇನೂ ಗೊತ್ತಿಲ್ಲ ಅಂತ ಬಡಕೊಂಡೆ. ಒಂದು ಸಂಜೆ ಮಳೆ ಹೊಡೆದು ಎದುರುಮನೆಯಾಕೆಯ ಕೊಬ್ಬರಿಯೆಲ್ಲ ನೆನೆಯಿತು. ಪಕ್ಕದ ಬೀದಿಯ ನಮ್ಮತ್ತೆ ಮಂಡಿನೋವೆಂದು ಅವತ್ತು ಮಾಳಿಗೆ ಹತ್ತಿರಲಿಲ್ಲವಾದ್ದರಿಂದ ಅವರ ಕೊಬ್ಬರಿ ಒಳಗೇ ಉಳಿದಿತ್ತು. ಎದುರುಮನೆಯಾಕೆ ಬೀದಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು:

"ಅವರತ್ತೆಗಾದ್ರೆ ಹೇಳ್ತಾರೆ ಕಣ್ರೀ ಮೇಷ್ಟ್ರು. ನಮಗೆ ಮಾತ್ರ ಗೊತ್ತಿಲ್ಲ ಅಂತಾರೆ."

ತಾಲೀಮು

ಬರೀ ಬಾಯಲ್ಲಿ ಹೇಳಿದರೆ ಕಮಿಟಿಗೆ ಹಿಡಿಸಲಿಕ್ಕಿಲ್ಲ, ಕಣ್ಣಿಗೆ ತೋರಿಸಿ ಅಂದರು ಪ್ರಿನ್ಸಿಪಾಲರು. ಸರಿ, ತೆಂಗಿನಕಾಯಿ ಸುಲಿಸಿ ತೋರಿಸೋಣ ಅಂದುಕೊಂಡೆ. ಒಂದು ರಾಶಿ ಒಬ್ಬನಿಗೆ, ಅಷ್ಟೇ ದೊಡ್ಡ ಇನ್ನೊಂದು ರಾಶಿ ನಾಲ್ಕು ಜನಕ್ಕೆ. ಹಂದನಕೆರೆ ಕಡೆಯ ಒಂದು ತೋಟದಲ್ಲಿ ತಾಲೀಮು ಇಟ್ಟೆ. ಐವರೂ ಒಂದೇ ಹಟ್ಟಿಯವರು, ನೆಂಟರು.

ಒಬ್ಬನೇ ಇದ್ದವನು ತಲೆ ಎತ್ತದೆ ಸುಲಿದ. ಈ ನಾಲ್ವರ ಹತ್ತಿರ ಎಲೆಅಡಿಕೆಗೆ ಇದ್ದದ್ದು ಒಂದೇ ಸುಣ್ಣದ ಡಬ್ಬಿ. ಒಬ್ಬ ಡಬ್ಬಿ ತೆಗೆದರೆ ಉಳಿದ ಮೂವರೂ ಕಾಯಿ ಕೆಳಗಿಟ್ಟು ಕೂತು, ಅದು ತಮ್ಮ ಕೈಗೆ ಬರುವ ತನಕ ಕಾಯುವುದು. ಒಬ್ಬನೇ ಇದ್ದವನು ಮೊದಲು ಮುಗಿಸಿ ಮರದಡಿ ಮಲಗಿದ. ನನಗೆ ಮೈಯೆಲ್ಲ ಉರಿದುಹೋಯಿತು. ನೇರವಾಗಿ ಪೇಟೆಗೆ ಹೋಗಿ ಇನ್ನೂ ಮೂರು ಸುಣ್ಣದ ಡಬ್ಬಿ ತಂದೆ. ಸುಣ್ಣ ತಿನ್ನದ ನನ್ನ ಜುಬ್ಬಾದ ಜೇಬು ಅವತ್ತು ಬೆಳ್ಳಗಾದದ್ದಕ್ಕೆ ಮನೆಯಲ್ಲಿ ಕಾರಣ ಹೇಳುವುದು ಬೇರೆ.

ಕಮಿಟಿ ಬಂದ ದಿನ

ಕಾಲೇಜಿನ ಮೈದಾನದಲ್ಲಿ ಎರಡು ರಾಶಿ, ಐದು ಆಳು. ಮೂವರು ಕಮಿಟಿಯವರು ಕುರ್ಚಿಯಲ್ಲಿ. ನಾಲ್ವರ ಕೈಗೂ ಒಂದೊಂದು ಡಬ್ಬಿ ಕೊಟ್ಟಿದ್ದೆ. ನಾಲ್ವರೂ ಬೆಂಕಿಯಂತೆ ಸುಲಿದರು. ನಾನು ಖುಷಿಯಿಂದ ಕಮಿಟಿಯ ಕಡೆ ತಿರುಗಿ ಹವಾಮಾನ, ಆಕಾಶದ ಚೌಕ ಎಲ್ಲ ವಿವರಿಸತೊಡಗಿದೆ. ಅದೇ ಹೊತ್ತಿಗೆ ಪ್ರಿನ್ಸಿಪಾಲರು ಕಮಿಟಿಯವರಿಗೆ ಎಳನೀರು ಕೊಟ್ಟರು. ಮೂವರೂ ಮುಖ ಮೇಲೆತ್ತಿ ಕುಡಿಯತೊಡಗಿದರು.

ಬೆನ್ನ ಹಿಂದೆ ದನಿ ಕೇಳಿಸಿತು. "ಒಬ್ನೇ ಯಾಕ್ಲಾ ಒದ್ದಾಡ್ತೀಯಾ? ಬುಡು, ನಾವೂ ಬತ್ತೀವಿ."

ತಿರುಗಿ ನೋಡಿದರೆ, ನಾಲ್ವರೂ ತಮ್ಮ ರಾಶಿ ಮುಗಿಸಿ, ಒಬ್ಬನೇ ಸುಲಿಯುತ್ತಿದ್ದವನ ರಾಶಿಗೆ ಕೈಹಾಕಿದ್ದರು. ಜೊತೆಯವನ ರಾಶಿ ಉಳಿದಿರುವಾಗ ಕೈತೊಳೆದುಕೊಳ್ಳುವುದು ಅವರ ಹಟ್ಟಿಯಲ್ಲಿ ಇಲ್ಲವೇ ಇಲ್ಲ. ನಾನು ಬೇಡ ಬೇಡ ಅಂತ ಕೈ ಆಡಿಸುವುದರೊಳಗೆ ಕೊನೆಯ ಕಾಯಿಯೂ ಮುಗಿಯಿತು.

ಕಮಿಟಿಯ ಹಿರಿಯರು ಎಳನೀರು ಕೆಳಗಿಟ್ಟು ನೋಡಿದರು. ಎರಡು ರಾಶಿಯೂ ಖಾಲಿ. ನಾನು ನಡೆದದ್ದನ್ನು ಎಷ್ಟು ಬಿಡಿಸಿ ಹೇಳಿದರೂ ಅವರು ಕೇಳಲಿಲ್ಲ. "ಒಬ್ಬನೂ ಅಷ್ಟು ಹೊತ್ತಿಗೇ ಮುಗಿಸಿದನಲ್ರೀ, ನಾಲ್ಕು ಯಾಕೆ?" ಅಂದು ಹೊರಟುಹೋದರು. ಕಾಲೇಜಿಗೆ ಮಂಜೂರಾದದ್ದು ಒಂದೇ ಕಂಪ್ಯೂಟರು.

ಅದು ಬಂದ ದಿನ ನಾವು ನಾಲ್ಕು ಜನ ಮೇಷ್ಟ್ರುಗಳು ಅದರ ಸುತ್ತ ಕುರ್ಚಿ ಹಾಕಿಕೊಂಡು ಕೂತೆವು. ಒಬ್ಬರು ಕೀಲಿ ಒತ್ತುವುದು, ಮೂವರು ಕಾಯುವುದು. ಪ್ರಿನ್ಸಿಪಾಲರು ಇಣುಕಿ ನೋಡಿ, ಇಷ್ಟು ಜನ ಕೂತರೂ ಕೆಲಸ ಯಾಕೆ ಮುಂದಕ್ಕೆ ಹೋಗುತ್ತಿಲ್ಲ ಅಂತ ಗದರಿದರು.

"ಸುಣ್ಣದ ಡಬ್ಬಿ ಒಂದೇ ಇದೆ ಸಾರ್" ಅಂದೆ.