ಹೊಸ ನೀರಿನ ಮೀನುಗಳು

ಮನೆಯಲ್ಲಿ ಮೀನು ಸಾಕಿದವರನ್ನು ಕೇಳಿ ನೋಡಿ. ಮೊದಲ ತಿಂಗಳ ಮಾತೆತ್ತಿದರೆ ಮುಖ ಸಪ್ಪಗಾಗುತ್ತದೆ, ಆಮೇಲೆ ತಾವೇ ನಗಲು ಶುರುಮಾಡುತ್ತಾರೆ. ನಮ್ಮ ಮನೆಯಲ್ಲಿ ಆ ಮೊದಲ ತಿಂಗಳು ಮುಗಿಯಲು ಮೂರು ತಿಂಗಳು ಹಿಡಿಯಿತು.

ಆಗ ನಾವು ಮಲೇಷ್ಯಾದ ಪೆಟಾಲಿಂಗ್ ಜಯಾದ ಒಂದು ಫ್ಲ್ಯಾಟಿನಲ್ಲಿ ಹನ್ನೊಂದನೇ ಮಹಡಿಯಲ್ಲಿದ್ದೆವು. ನಮ್ಮವರು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಮಾಡುವವರು. ಮಗಳಿಗೆ ಎಂಟು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಎರಡು ತಿಂಗಳು ಇದ್ದು ಹೋಗೋಣವೆಂದು ಮೈಸೂರಿನಿಂದ ಬಂದಿದ್ದ ಅತ್ತೆ, ವಿಮಾನಗಳೆಲ್ಲ ನಿಂತು ನಮ್ಮಲ್ಲೇ ಉಳಿದುಬಿಟ್ಟಿದ್ದರು.

೧. ಎಲ್ಲವೂ ನಿನ್ನೆ ಸಂಜೆ

ಲಾಕ್‌ಡೌನ್ ಸುದ್ದಿ ಬಂದ ದಿನ ಊರೆಲ್ಲ ಅಕ್ಕಿ ಬೇಳೆ ತರಲು ಓಡಿತು. ನಮ್ಮವರು ಮಗಳನ್ನು ಕರೆದುಕೊಂಡು ಹೋಗಿ ಗಾಜಿನ ತೊಟ್ಟಿ ಮತ್ತು ಹತ್ತು ಮೀನು ತಂದರು. ಮನೆಯಲ್ಲೇ ಕೂತಿರಬೇಕಲ್ಲ, ಮಗುವಿಗೆ ನೋಡಲು ಏನಾದರೂ ಇರಲಿ ಅಂತ. ನಲ್ಲಿ ನೀರು ತುಂಬಿಸಿ, ಮೀನು ಬಿಟ್ಟು, ಎಲ್ಲರೂ ಸೋಫಾದಲ್ಲಿ ಸಾಲಾಗಿ ಕೂತು ನೋಡಿದೆವು. ಬೆಳಿಗ್ಗೆ ಎದ್ದರೆ ಹತ್ತೂ ತೇಲುತ್ತಿದ್ದವು. ಮಗಳು ಹಲ್ಲುಜ್ಜದೆ ಅತ್ತಳು.

ಮೀನಿನಂಗಡಿಯ ಯಜಮಾನರು ವಯಸ್ಸಾದ ಚೀನೀಯರು, ಎಲ್ಲರಿಗೂ ಅಂಕಲ್. ನಮ್ಮವರು ಅವರಿಗೆ ಫೋನ್ ಮಾಡಿದರು.

"ನೀರು ಯಾವಾಗ ತುಂಬಿಸಿದ್ದು?" ಎಂದು ಅಂಕಲ್ ಕೇಳಿದರು.

"ನಿನ್ನೆ ಸಂಜೆ."

"ಮೀನು ಯಾವಾಗ ಬಿಟ್ಟಿದ್ದು?"

"ನಿನ್ನೆ ಸಂಜೆ."

ಅಂಕಲ್ ಅಲ್ಲಿಯವರ ರೂಢಿಯಂತೆ ಮಾತಿಗೊಂದು 'ಲಾ' ಸೇರಿಸಿ ವಿವರಿಸಿದರು. "ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ, ಲಾ. ಮೊದಲು ಔಷಧಿ ಹಾಕಿ ಅದನ್ನ ತೆಗೀಬೇಕು. ಆಮೇಲೆ ಮೂರ್ನಾಲ್ಕು ವಾರ ಫಿಲ್ಟರ್ ಓಡಿಸಿ ನೀರು ಹಳೇದು ಮಾಡಬೇಕು. ಆಮೇಲೆ ಮೀನು."

ನಮ್ಮವರು ಫೋನಿಟ್ಟು ತಲೆ ತಗ್ಗಿಸಿ ಹೇಳಿದರು, "ಟೆಸ್ಟೇ ಮಾಡದೆ ರಿಲೀಸ್ ಮಾಡಿಬಿಟ್ಟೆ ಕಣೇ." ಹದಿನೈದು ವರ್ಷದಿಂದ ಇದೇ ತಪ್ಪಿಗೆ ಬೇರೆಯವರನ್ನು ಬೈದು ಸಂಬಳ ತಂದವರು.

೨. ಔಷಧಿ ಯಾರಿಗೆ

ಅಂಕಲ್ ಅಂಗಡಿಯ ಬಾಗಿಲಿಗೆ ಔಷಧಿ ಬಾಟಲಿ ನೇತುಹಾಕಿರುತ್ತೇನೆ, ತೆಗೆದುಕೊಂಡು ಹೋಗಿ ಎಂದರು. ಆಗ ಮನೆಗೊಬ್ಬರು ಮಾತ್ರ ದಿನಸಿಗೆ, ಔಷಧಿಗೆ ಹೊರಗೆ ಹೋಗಬಹುದಿತ್ತು. ನಮ್ಮವರು ಹೊರಟರು. "ಹಾಗೇ ಒಂದು ಕಟ್ಟು ಸೊಪ್ಪು ತಾರೋ," ಎಂದರು ಅತ್ತೆ.

ದಾರಿಯಲ್ಲಿ ಪೊಲೀಸರು ತಡೆದರು.

"ಎಲ್ಲಿಗೆ?"

"ಔಷಧಿ ತರೋಕೆ."

"ಯಾರಿಗೆ ಹುಷಾರಿಲ್ಲ?"

ನಮ್ಮವರಿಗೆ ಸುಳ್ಳು ಹೇಳಲು ಬರುವುದಿಲ್ಲ. "ನೀರಿಗೆ," ಎಂದರು.

ಪೊಲೀಸಿನವನು ಮಾಸ್ಕ್ ಸರಿಮಾಡಿಕೊಂಡು ಕಾರಿನೊಳಗೆ ಬಗ್ಗಿ ನೋಡಿದ. ನಮ್ಮವರು ಹತ್ತು ಮೀನಿನ ಕಥೆ ಪೂರ್ತಿ ಹೇಳಿದರು. ಅವನ ಮುಖ ಮೆತ್ತಗಾಯಿತಂತೆ. ಅವನ ಮನೆಯಲ್ಲೂ ತೊಟ್ಟಿ ಇದೆಯಂತೆ. ಕೆತಾಪಾಂಗ್ ಮರದ ಒಣಗಿದ ಎಲೆ ನೀರಿಗೆ ಹಾಕಿದರೆ ಮೀನಿಗೆ ಒಳ್ಳೆಯದು, ಅಗೋ ಆ ಮರವೇ ಎಂದು ರಸ್ತೆ ಬದಿಗೆ ಕೈ ತೋರಿಸಿದ. ಅದು ನಮ್ಮ ಊರಿನ ಕಾಡುಬಾದಾಮಿ ಮರ. ಹಿಂದೆ ಕಾರುಗಳು ಸಾಲುಗಟ್ಟಿದ್ದರೂ ಅವನು ಯಾವ ಎಲೆ ಚೆನ್ನ, ಎಷ್ಟು ದಿನ ನೆನೆಸಬೇಕು ಎಂದೆಲ್ಲ ವಿವರಿಸಿಯೇ ಬಿಟ್ಟದ್ದು.

ನಮ್ಮವರು ಬಾಟಲಿಯ ಜೊತೆಗೆ ಚೀಲದ ತುಂಬ ಕಂದು ಎಲೆ ತಂದರು. ಅತ್ತೆ ಚೀಲ ಬಿಚ್ಚಿ ನೋಡಿ ನನ್ನನ್ನು ಕರೆದರು. "ಸೊಪ್ಪು ತಾ ಅಂದಿದ್ದೆ. ಇದು ಸ್ವಲ್ಪ ಬಲಿತಿದೆಯಲ್ಲೇ."

೩. ಬರೀ ನೀರು

ಔಷಧಿ ಹಾಕಿದ ಮೇಲೆ ನೀರು ಹಳೆಯದಾಗಲು ಕಾದೆವು. ಅಂಗಡಿಯೂ ಮುಚ್ಚಿದ್ದರಿಂದ ಆರು ವಾರ ತೊಟ್ಟಿಯಲ್ಲಿ ದೀಪ, ಮರಳು, ಗುಳುಗುಳು ಗಾಳಿ ಮಾತ್ರ. ನಮ್ಮವರು ದಿನಾ ಚಿಟಿಕೆ ಮೀನಿನ ಆಹಾರವನ್ನು ಖಾಲಿ ನೀರಿಗೆ ಹಾಕುತ್ತಿದ್ದರು. ಅದು ಕೊಳೆತರೆ ಫಿಲ್ಟರಿನ ಸ್ಪಂಜಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಯುತ್ತವಂತೆ, ಮುಂದೆ ಮೀನಿನ ಕೊಳೆಯಿಂದ ಹುಟ್ಟುವ ಅಮೋನಿಯವನ್ನು ಅವೇ ತಿನ್ನುತ್ತವಂತೆ.

ಮೈಸೂರಿನಿಂದ ವಿಡಿಯೋ ಕಾಲ್ ಮಾಡಿದ ಅತ್ತೆಯ ತಂಗಿಗೆ ಅತ್ತೆ ಹೆಮ್ಮೆಯಿಂದ ತೊಟ್ಟಿ ತೋರಿಸಿದರು.

"ಮೀನೆಲ್ಲಿ ಅಕ್ಕಾ?"

"ಮೀನಿಲ್ಲ. ಸದ್ಯ ನೀರು ಸಾಕ್ತಿದೀವಿ."

೪. ಸ್ಪಂಜು

ಅಂಗಡಿ ತೆರೆದ ಮೇಲೆ ಅಂಕಲ್ ನೋಡಿ ನೋಡಿ ಐದು ಮೀನು ಕೊಟ್ಟರು. ಮೂರು ವಾರ ಎಲ್ಲವೂ ಚೆನ್ನಾಗಿದ್ದವು. ಒಂದು ಮಧ್ಯಾಹ್ನ ನಮ್ಮವರು ಆಫೀಸಿನ ಮೀಟಿಂಗ್ ಮುಗಿಸಿ ಬಂದರೆ, ಬಾಲ್ಕನಿಯ ಹಗ್ಗದ ಮೇಲೆ ಫಿಲ್ಟರಿನ ಸ್ಪಂಜು ಒಣಗುತ್ತಿತ್ತು. ಕಪ್ಪಗಿದ್ದದ್ದು ಹಾಲಿನಂತೆ ಬೆಳ್ಳಗಾಗಿತ್ತು.

"ಅಮ್ಮಾ, ಇದನ್ನ ತೊಳೆದ್ಯಾ?"

"ಸೋಪಿನ ಪುಡಿ ಹಾಕಿ ನೆನೆಸಿ, ಬಿಸಿನೀರಲ್ಲಿ ಜಾಲಿಸಿದೆ. ಎಷ್ಟು ಕೊಳೆ ಇತ್ತು ಗೊತ್ತಾ."

ನಮ್ಮವರು ನೆಲದ ಮೇಲೇ ಕೂತರು. "ಅಮ್ಮಾ, ಅದರಲ್ಲಿ ಬ್ಯಾಕ್ಟೀರಿಯಾ ಇತ್ತು. ಎರಡು ತಿಂಗಳಿಂದ ಬೆಳೆಸಿದ್ದೆ."

ಅತ್ತೆ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಪ್ರಪಂಚವೆಲ್ಲ ರೋಗ ಅಂತ ಕೈ ತೊಳೀತಾ ಕೂತಿದೆ. ನೀನು ಮನೆಯೊಳಗೇ ಸಾಕ್ತಾ ಇದೀಯಾ?"

೫. ದೊಡ್ಡಪ್ಪ

ಐದು ಮೀನುಗಳಲ್ಲಿ ದಪ್ಪಗಿದ್ದ ಕಿತ್ತಳೆ ಬಣ್ಣದ್ದಕ್ಕೆ ಮಗಳು 'ದೊಡ್ಡಪ್ಪ' ಎಂದು ಹೆಸರಿಟ್ಟಿದ್ದಳು. ಮೈಸೂರಿನಲ್ಲಿರುವ ನನ್ನ ಭಾವನವರ ಹಾಗೆ ಅದೂ ಯಾವಾಗಲೂ ಬಾಯಿ ಆಡಿಸುತ್ತಿತ್ತು. ಹಿರಿಮಗನನ್ನು ನೋಡಿ ತಿಂಗಳುಗಳಾಗಿದ್ದ ಅತ್ತೆಗೆ ಆ ಹೆಸರು ಬಹಳ ಹಿಡಿಸಿತು. ದಿನಾ ಬೆಳಿಗ್ಗೆ ಗಾಜಿನ ಮುಂದೆ ನಿಂತು, "ತಿಂಡಿ ಆಯ್ತೇನೋ?" ಎಂದು ಕೇಳುತ್ತಿದ್ದರು.

ಸ್ಪಂಜು ತೊಳೆದ ಮೂರನೇ ದಿನ ನೀರಿನಲ್ಲಿ ಅಮೋನಿಯ ಏರಿತು. ನಮ್ಮವರು ಬಕೆಟ್ ಬಕೆಟ್ ನೀರು ಬದಲಾಯಿಸಿ ನಾಲ್ಕನ್ನು ಉಳಿಸಿದರು. ದೊಡ್ಡಪ್ಪನನ್ನು ಬೇರೆ ಬಕೆಟ್ಟಿನಲ್ಲಿಟ್ಟರೂ ಉಳಿಯಲಿಲ್ಲ. ಅತ್ತೆ ಆ ಬೆಳಿಗ್ಗೆ ಕಾಫಿ ಕುಡಿಯಲಿಲ್ಲ. "ನಾನೇ ಕೊಂದೆ," ಎಂದು ಮೂಲೆಯಲ್ಲಿ ಕೂತರು. ಅವರನ್ನು ಸಮಾಧಾನ ಮಾಡುವುದರಲ್ಲಿ ಮಗಳ ಆನ್‌ಲೈನ್ ಕ್ಲಾಸಿನ ಕಡೆ ಯಾರೂ ಗಮನ ಕೊಡಲಿಲ್ಲ.

ಕ್ಲಾಸಿನಲ್ಲಿ ಟೀಚರ್ ಕೇಳಿದರಂತೆ, ಯಾಕಮ್ಮ ಅಳುತ್ತಿದ್ದೀಯ ಅಂತ. ದೊಡ್ಡಪ್ಪ ತೀರಿಕೊಂಡ ಎಂದಳು. ಹಾಗೆಂದರೆ ಅಪ್ಪನ ಅಣ್ಣ ಎಂದು ಅದೇ ಕ್ಲಾಸಿನ ಇನ್ನೊಂದು ಕನ್ನಡದ ಮಗು ಬಿಡಿಸಿ ಹೇಳಿತು.

"ಅಯ್ಯೋ, ಏನಾಗಿತ್ತು?"

"ಅಮೋನಿಯ."

ಟೀಚರಿಗೆ ಅದು ನ್ಯುಮೋನಿಯ ಎಂದು ಕೇಳಿಸಿತು. ಕಾಲವೇ ಹಾಗಿತ್ತು. "ಆಸ್ಪತ್ರೆಗೆ ಸೇರಿಸಿದ್ರಾ?"

"ಇಲ್ಲ, ಕ್ವಾರಂಟೈನಲ್ಲಿ ಇಟ್ಟಿದ್ವಿ. ತುಂಬಾ ಜೋರಾಗಿ ಉಸಿರಾಡ್ತಿದ್ದ."

ಟೀಚರ್ ಕಣ್ಣೊರೆಸಿಕೊಂಡರು. ಇಡೀ ಕ್ಲಾಸು ಒಂದು ನಿಮಿಷ ಮೌನ ಆಚರಿಸಿತು. ಆಮೇಲೆ ಟೀಚರ್ ಮೆಲ್ಲಗೆ, ಅಂತ್ಯಕ್ರಿಯೆಯಾದರೂ ಸರಿಯಾಗಿ ಆಯಿತಾ ಎಂದು ಕೇಳಿದರು.

"ಅಪ್ಪ ಟಾಯ್ಲೆಟ್‌ನಲ್ಲಿ ಫ್ಲಶ್ ಮಾಡೋಣ ಅಂದ್ರು. ಅಜ್ಜಿ ಬೇಡ ಅಂದ್ರು. ಅದಕ್ಕೆ ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ ಹೂತ್ವಿ."

ಒಂದೇ ನಿಮಿಷದಲ್ಲಿ ನನಗೆ ಟೀಚರ್ ಫೋನ್ ಬಂತು. ನಾನು ಮೀನಿನ ವಿಷಯ ಬಿಡಿಸಿ ಹೇಳಿದೆ. ಆಕೆ ನಕ್ಕು ನಕ್ಕು ಕೆಮ್ಮಿದರು. ಆದರೆ ಆ ಇನ್ನೊಂದು ಮಗುವಿನ ತಾಯಿ ತಮ್ಮ ಮನೆಯ ಪಕ್ಕದ ಕೋಣೆಯಿಂದ ಸಾವಿನ ಸುದ್ದಿಯಷ್ಟನ್ನು ಕೇಳಿಸಿಕೊಂಡಿದ್ದರು. ಅವರ ತವರೂ ಮೈಸೂರೇ. ಮಧ್ಯಾಹ್ನದೊಳಗೆ ಸುದ್ದಿ ವಾಟ್ಸಾಪಿನಲ್ಲಿ ಮೈಸೂರು ಮುಟ್ಟಿತ್ತು.

ಸಂಜೆ ಭಾವನವರೇ ವಿಡಿಯೋ ಕಾಲ್ ಮಾಡಿದರು. ಮಧ್ಯಾಹ್ನದಿಂದ ಸಂತಾಪದ ಮೂವತ್ತು ಕರೆಗೆ ತಾವೇ ಉತ್ತರಿಸಿ ಗಂಟಲು ಕಟ್ಟಿತ್ತು. ಅತ್ತೆ ಪರದೆ ಮೇಲೆ ಮಗನ ಮುಖ ಕಂಡದ್ದೇ ಸೆರಗಿನಿಂದ ಕಣ್ಣೊರೆಸಿಕೊಂಡು, ತಾವೇ ಸ್ಪಂಜು ತೊಳೆದದ್ದನ್ನೂ ಕರಿಬೇವಿನ ಕುಂಡದಲ್ಲಿ ಹೂತದ್ದನ್ನೂ ಒಪ್ಪಿಕೊಂಡರು. ಭಾವ ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡರು.

"ಹೋಗಲಿ ಬಿಡಮ್ಮ," ಎಂದರು. "ನಿನ್ನ ಕೈಯಿಂದಲೇ ಹೋದೆನಲ್ಲ, ಅಷ್ಟು ಸಾಕು. ಕರಿಬೇವಾದರೂ ಚಿಗುರಿತಾ?"