ಮಗ್ಗದ ಮನೆಯ ಕೆಂಪು ದೀಪ

ಮನೆಯಲ್ಲಿ ಏನಾದರೂ ಕೆಟ್ಟರೆ, ರಿಪೇರಿಗಿಂತ ಮೊದಲು ಕೆಡಿಸಿದವರು ಯಾರೆಂದು ತೀರ್ಮಾನವಾಗಬೇಕು. ಇದು ನನ್ನ ಸ್ವಭಾವ. ಮಿಕ್ಸಿ ಸುಟ್ಟರೆ ಕೊನೆಯಲ್ಲಿ ಚಟ್ನಿ ತಿರುವಿದವರು ಯಾರು, ನಲ್ಲಿ ಸೋರಿದರೆ ಕೊನೆಯಲ್ಲಿ ಕೈ ತೊಳೆದವರು ಯಾರು ಎಂದು ವಿಚಾರಣೆ ನಡೆಸಿದ ಮೇಲೆಯೇ ನನಗೆ ಅನ್ನ ಇಳಿಯುವುದು. ನಮ್ಮ ಯಜಮಾನರು ಇದಕ್ಕೆ ‘ಕೋರ್ಟು ಕೂತಿತು’ ಎನ್ನುತ್ತಾರೆ. ಅನ್ನಲಿ. ಸಾಮಾನ್ಯವಾಗಿ ಅಪರಾಧಿ ಅವರೇ ಆಗಿರುವುದರಿಂದ ಅವರಿಗೆ ಕೋರ್ಟಿನ ಮೇಲೆ ಗೌರವ ಕಡಿಮೆ. ಆದರೆ ಮೊನ್ನೆ ವೈಫೈ ಕೆಟ್ಟಾಗ ನಾನು ಮನೆಯವರ ತಂಟೆಗೇ ಹೋಗಲಿಲ್ಲ. ತಪ್ಪು ಕಂಪನಿಯದು ಎಂದು ಮೊದಲ ಗಳಿಗೆಯಲ್ಲೇ ತೀರ್ಪು ಕೊಟ್ಟೆ. ಯಜಮಾನರಿಗೆ ಬಿಡುಗಡೆಯ ಸಂತೋಷಕ್ಕಿಂತ ಅನುಮಾನವೇ ಜಾಸ್ತಿಯಾಯಿತು.

ಆಂಧ್ರದ ಹಿಂದೂಪುರದಲ್ಲಿ ನಮ್ಮದು ನೇಯ್ಗೆಯವರ ಬೀದಿ. ಮನೆ ಅಗಲಕ್ಕಿಲ್ಲ, ಉದ್ದಕ್ಕಿದೆ. ಬೀದಿ ಕಡೆ ನಡುಮನೆ, ಅದರ ಹಿಂದೆ ಅಡುಗೆಮನೆ, ಆಮೇಲೆ ಅಂಗಳ, ಕಟ್ಟಕಡೆಗೆ ಎರಡು ಪವರ್‌ಲೂಮು ಇರುವ ಮಗ್ಗದ ಮನೆ. ಅದರ ಕಲ್ಲುಗೋಡೆ, ತಗಡಿನ ಸೂರು ನೋಡಿಯೇ ಮೊಬೈಲ್ ಸಿಗ್ನಲ್ಲು ಅಂಗಳದಿಂದ ವಾಪಸ್ಸಾಗುತ್ತದೆ. ಈಗಿನ ಗಿರಾಕಿಗಳೋ, ಸೀರೆಯನ್ನು ಮಗ್ಗದ ಮೇಲಿರುವಾಗಲೇ ಫೋನಿನಲ್ಲಿ ತೋರಿಸು ಎನ್ನುತ್ತಾರೆ. ಅದಕ್ಕೇ ನಾನು ಹಟ ಹಿಡಿದು ಮೆಶ್ ವೈಫೈ ಹಾಕಿಸಿದ್ದು. ಅಂದರೆ ಒಂದು ತಾಯಿ ಡಬ್ಬಿ, ಎರಡು ಮರಿ ಡಬ್ಬಿ. ತಾಯಿ ನಡುಮನೆಯಲ್ಲಿ, ಒಂದು ಮರಿ ಮಹಡಿಯಲ್ಲಿ, ಇನ್ನೊಂದು ಮಗ್ಗದ ಮನೆಯಲ್ಲಿ. ಮೂರೂ ಒಂದರ ಕೈ ಒಂದು ಹಿಡಿದುಕೊಂಡು ಇಂಟರ್‌ನೆಟ್ಟನ್ನು ಹಿತ್ತಲವರೆಗೆ ದಾಟಿಸುತ್ತವೆ. ಎಲ್ಲ ಸರಿಯಿದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ನಮ್ಮ ಅತ್ತೆ, ಎಂದರೆ ಯಜಮಾನರ ತಾಯಿ, ಡಬ್ಬಿಗಳು ಬಂದ ದಿನವೇ ಮೂರಕ್ಕೂ ಕುಂಕುಮವಿಟ್ಟು, “ಮನೀಗ್ ಬಂದ ಯಂತ್ರ ಅಲ್ವಾ, ಬರೀ ಹಣೇಲಿ ಇರ್ಬಾರ್ದು” ಎಂದರು. ನಾನು ನಕ್ಕಿದ್ದೆ.

ಈ ಸಲದ ಸೀರೆ ಗಿರಾಕಿಯದಲ್ಲ, ನನ್ನ ತವರಿನದು. ಕಲ್ಯಾಣದುರ್ಗದಲ್ಲಿರುವ ನಮ್ಮಣ್ಣನ ಮಗಳು ಹರಿಣಿಗೆ ಮದುವೆ. ಧಾರೆ ಸೀರೆ ಸೋದರತ್ತೆಯ ಕೈಯಿಂದ ಬರಬೇಕೆಂಬುದು ನಮ್ಮ ಮನೆತನದ ರೂಢಿ, ಮತ್ತು ಆ ಸೋದರತ್ತೆ ನಾನು. ಹಾಸು, ಎಂದರೆ ಉದ್ದದ ಎಳೆ, ನೀಲಿ. ಅಡ್ಡ ಎಳೆಯಾದ ಹೊಕ್ಕು ಹಸಿರಾದರೆ ಸೀರೆ ನವಿಲುಕತ್ತಿನ ಬಣ್ಣಕ್ಕೆ ತಿರುಗುತ್ತದೆ, ಕೆಂಪಾದರೆ ನೇರಳೆಗೆ. ಎರಡನ್ನೂ ಗೇಣುದ್ದ ನೇಯ್ದು ತೋರಿಸಿ, ಹುಡುಗಿ ಯಾವುದೆಂದು ಹೇಳಿದ ಮೇಲೆ ಮುಂದಿನದು. ಹರಿಣಿ ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು. ರಜೆಯನ್ನೆಲ್ಲ ಮದುವೆಗೆ ಕೂಡಿಟ್ಟಿದ್ದಾಳೆ, ಇಲ್ಲಿಗೆ ಬರುವ ಹಾಗಿಲ್ಲ. ಫೋಟೋದಲ್ಲಿ ಇಂಥ ರೇಷ್ಮೆ ಸುಳ್ಳು ಹೇಳುತ್ತದೆ; ಬೆಳಕು ಓಡಾಡಿದರೆ ಮಾತ್ರ ಎರಡು ಬಣ್ಣ ಕಾಣುವುದು. ಆದ್ದರಿಂದ ವೀಡಿಯೊ ಕಾಲೇ ಗತಿ ಎಂದು ಒಪ್ಪಂದವಾಗಿತ್ತು.

ಅಷ್ಟರಲ್ಲಿ ಫೋನಿಗೊಂದು ಸೂಚನೆ ಬಂತು: ಫರ್ಮ್‌ವೇರ್ ಅಪ್‌ಡೇಟ್ ಸಿದ್ಧವಿದೆ. ಫರ್ಮ್‌ವೇರ್ ಎಂದರೆ ಡಬ್ಬಿಯೊಳಗಿನ ಬುದ್ಧಿ ಎಂದು ನಾನು ತಿಳಿದುಕೊಂಡಿದ್ದೇನೆ. ಬುದ್ಧಿ ಹೆಚ್ಚಾದರೆ ಒಳ್ಳೆಯದೇ, ಕರೆಯಲ್ಲಿ ಸೀರೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದುಕೊಂಡೆ. ಅವತ್ತು ಮಗ್ಗಕ್ಕೂ ರಜೆ, ಮನೆ ತಣ್ಣಗಿತ್ತು. ಸಂಜೆ ‘ಸರಿ’ ಎಂದು ಒತ್ತಿದೆ. ‘ಮುಗಿಯುವವರೆಗೆ ಯಾವ ಡಬ್ಬಿಯನ್ನೂ ಆಫ್ ಮಾಡಬೇಡಿ’ ಎಂದು ಬಂತು. ನಾನು ನಡುಮನೆಯಲ್ಲಿ ನಿಂತು ಊರಿಗೆ ಟಾಂಟಾಂ ಹೊಡೆಯುವ ಹಾಗೆ ಸಾರಿದೆ: “ಎಲ್ರೂ ಕೇಳ್ರಿ, ಯಾರೂ ಯಾವ ಸ್ವಿಚ್ಚೂ ಮುಟ್ಬಾರ್ದು!” ಯಜಮಾನರು ಫ್ಯಾನಿನ ಸ್ವಿಚ್ಚಿಗೆ ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ಎಳೆದುಕೊಂಡು ಬೆವರುತ್ತ ಕೂತರು. ನಾನು ಸಮಾಧಾನದಿಂದ ಸಂಜೆಯ ಕೆಲಸಗಳಿಗೆ ಹೋದೆ.

ಮರುದಿನ ಬೆಳಿಗ್ಗೆ ನಡುಮನೆಯಲ್ಲಿ ಹಸಿರು, ಮಹಡಿಯಲ್ಲಿ ಹಸಿರು, ಮಗ್ಗದ ಮನೆಯಲ್ಲಿ ಕೆಂಪು. ಫೋನಿನಲ್ಲಿ ವೈಫೈ ಗೀಟುಗಳೆಲ್ಲ ತುಂಬಿವೆ, ಆದರೆ ಒಳಗೆ ಏನೂ ಹರಿಯುವುದಿಲ್ಲ. ಸರಿ, ಶುರುವಾಯಿತು. ಆಫ್ ಮಾಡಿ ಆನ್ ಮಾಡಿದೆ. ಡಬ್ಬಿಯನ್ನು ಗೋಡೆಯ ಗೂಡಿನಿಂದ ಕಿಟಕಿಗೆ, ಕಿಟಕಿಯಿಂದ ನೂಲಿನ ಪೆಟ್ಟಿಗೆಯ ಮೇಲಕ್ಕೆ, ಅಲ್ಲಿಂದ ಮತ್ತೆ ಗೂಡಿಗೆ ಏರಿಸಿ ಇಳಿಸಿದೆ. ಆ ಕೆಂಪು ದೀಪ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅಡುಗೆ ಮಾಡುವಾಗ ಕಂಪನಿಯನ್ನು ಬೈದೆ, ಪಾತ್ರೆ ತೊಳೆಯುವಾಗ ಬೈದೆ. “ಚೆನ್ನಾಗಿದ್ದ ಡಬ್ಬೀಗೆ ಬುದ್ಧಿ ಕೊಡ್ತೀನಿ ಅಂತ ಬಂದು, ಇದ್ದ ಬುದ್ಧೀನೂ ಕಿತ್ಕೊಂಡ್ರಲ್ಲ, ಅವರ ಮನೆ ಕಾಯ್ವಾಗ!” ಎಂದೆ. ಯಜಮಾನರು ಪೇಪರಿನ ಹಿಂದಿನಿಂದ, “ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ” ಎಂದು ಗೊಣಗಿದರು. ಯಾರಿಗೆ ಹೇಳಿದ್ದು ಎಂದು ಕೇಳಿದೆ. ಪೇಪರಿನಲ್ಲಿ ಬಂದಿದೆ ಎಂದರು.

ಇನ್ನೇನು ಮಾಡಲಿ, ಒಂದು ವೀಡಿಯೊ ತೆಗೆದುಕೊಂಡು, ಅಂಗಳಕ್ಕೆ ಬಂದು ಸಿಗ್ನಲ್ ಹುಡುಕಿ ಕಳಿಸಿದೆ. ಹರಿಣಿಗೆ ಅದರಲ್ಲಿ ನವಿಲುಕತ್ತಿನದು ಬರೀ ಕಪ್ಪಾಗಿ ಕಂಡಿತಂತೆ. ಫೋನನ್ನು ಹೀಗೆ ಬಗ್ಗಿಸು, ಹಾಗೆ ಎತ್ತು ಎಂದು ಅವಳು ಹೇಳುವಂತೆಯೂ ಇಲ್ಲ. ಆ ಸಂಜೆ ಅತ್ತಿಗೆ, ಅಂದರೆ ಹರಿಣಿಯ ತಾಯಿ, ಫೋನು ಮಾಡಿದರು. “ಯಾಕಮ್ಮ ಅಷ್ಟೊಂದ್ ತಾಪತ್ರಯ? ಗುರುವಾರ ಸಂಜೆ ಗಂಟ ನೋಡ್ತೀವಿ. ಆಗ್ನಿಲ್ಲ ಅಂದ್ರೆ ಶುಕ್ರವಾರ ಧರ್ಮಾವರಕ್ಕೋಗಿ ಒಂದ್ ಸೀರೆ ತಗಂಡ್ಬತ್ತೀವಿ ಬುಡು. ನಿಂದು ಆರತಿಗೆ ಉಟ್ಕೊಂತಾಳೆ.” ಪ್ರೀತಿಯಿಂದಲೇ ಹೇಳಿದ್ದು. ಆದರೆ ಹಿಂದೂಪುರದ ನೇಯ್ಗೆಯವಳಿಗೆ ರೇಷ್ಮೆ ಸೀರೆಗೆ ಪ್ರಸಿದ್ಧವಾದ ಧರ್ಮಾವರದ ಹೆಸರು ಹೇಳುವುದು ಅಂದರೆ ಏನೆಂದು ನಮ್ಮ ಬೀದಿಯಲ್ಲಿ ಬಾಳಿದವರಿಗೇ ಗೊತ್ತು. ನಾನು ಎತ್ತಿ ಆಡಿಸಿದ ಹುಡುಗಿ, ಧಾರೆಯ ಹೊತ್ತಿಗೆ ಅಂಗಡಿಯ ಸೀರೆ ಉಟ್ಟು ನಿಲ್ಲುವುದು! ಅಳುವೇ ಬಂತು. ಅತ್ತೆಗೆ ಕಾಣಿಸದಿರಲೆಂದು ಈರುಳ್ಳಿ ಹೆಚ್ಚತೊಡಗಿದೆ. ಅವತ್ತಿನ ಸಾರಿಗೆ ಈರುಳ್ಳಿ ವಿಪರೀತವಾಯಿತು.

ಗುರುವಾರ ಬೆಳಿಗ್ಗೆ ಕಂಪನಿಯ ಸಹಾಯದ ನಂಬರಿಗೆ ಫೋನು ಹಚ್ಚಿ, ಸ್ಪೀಕರಿನಲ್ಲಿಟ್ಟು ಸೊಂಟಕ್ಕೆ ಸೆರಗು ಬಿಗಿದು ಕೂತೆ. ಮನೆಯವರೂ ಕೇಳಲಿ, ನಾನು ಹೇಗೆ ಜಾಡಿಸುತ್ತೇನೆ ನೋಡಲಿ ಎಂದು. ಮಾತಾಡಿದ್ದು ಒಬ್ಬ ತೆಲುಗು ಹುಡುಗಿ. ನಾನೂ ತೆಲುಗಿನಲ್ಲೇ ಜಾಡಿಸಿದೆ. ಜಗಳಕ್ಕೆ ನನಗೆ ಎರಡು ಭಾಷೆಯೂ ಸಮ. ಅವಳು ಎಲ್ಲವನ್ನೂ ಕೇಳಿಸಿಕೊಂಡು ಮೆತ್ತಗೆ ಒಂದೇ ಮಾತು ಕೇಳಿದಳು: “ಅಪ್‌ಡೇಟ್ ಅವುತುನ್ನಪ್ಪುಡು ಕರೆಂಟು ಪೋಯಿಂದಾ ಆಂಟೀ?” ಅಪ್‌ಡೇಟ್ ಆಗುವಾಗ ಕರೆಂಟು ಹೋಗಿತ್ತೇ ಎಂದು. “ಲೇದಮ್ಮಾ! ಆ ಸಂಜೆ ನಮ್ಮ ಬೀದೀಲಿ ಕರೆಂಟು ಕಣ್ಣೂ ಮಿಟುಕಿಸಿಲ್ಲ” ಎಂದು ಎದೆ ಸೆಟೆದು ಹೇಳಿದೆ.

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. “ಅವತ್ತು ಅಮಾಸೆ ಅಲ್ವೇನೇ?” ಎಂದರು.

“ಆದ್ರೇನು ಅತ್ತೆ?”

“ಕರೆಂಟು ಅದಾಗಿ ಅದೇ ಹೋಗ್ನಿಲ್ಲ ನಿಜ. ಮಗ್ಗದ ಮನೇದ್ನ ನೀನೇ ಕಳಿಸ್ಕೊಟ್ಟೆ ಕಣೇ.”

ನೇಯುವವರ ಮನೆಯಲ್ಲಿ ಅಮಾವಾಸ್ಯೆಗೆ ಮಗ್ಗ ಓಡುವುದಿಲ್ಲ. ಸಂಜೆ ಮಗ್ಗ ಒರೆಸಿ, ಅರಿಶಿನ ಕುಂಕುಮವಿಟ್ಟು, ಊದುಬತ್ತಿ ಹಚ್ಚಿ, ಕೈಮುಗಿದು, ಮೇನ್ ಸ್ವಿಚ್ ಇಳಿಸಿ, ಬಾಗಿಲು ಎಳೆದುಕೊಂಡು ಬರಬೇಕು. ಯಂತ್ರಕ್ಕೂ ಒಂದು ರಾತ್ರಿ ಪೂರ್ತಿ ವಿಶ್ರಾಂತಿ; ಬೆಳಿಗ್ಗೆ ಎದ್ದು ಸ್ವಿಚ್ ಮತ್ತೆ ಏರಿಸುವುದು. ಈ ಮನೆಗೆ ಸೊಸೆಯಾಗಿ ಬಂದ ಮೊದಲ ಅಮಾವಾಸ್ಯೆಗೇ ಅತ್ತೆ ನನಗೆ ಒಪ್ಪಿಸಿದ ಕೆಲಸ ಅದು. ಈಗ ಅದನ್ನು ನಾನು ಮಾಡುವುದಿಲ್ಲ, ನನ್ನ ಕೈಯೇ ಮಾಡುತ್ತದೆ. ಯಾರೂ ಸ್ವಿಚ್ ಮುಟ್ಟಬೇಡಿ ಎಂದು ಸಾರಿದ ಅದೇ ಬಾಯಲ್ಲಿ ದೇವರ ಹೆಸರು ಹೇಳಿಕೊಂಡು ಹೋಗಿ, ಅಪ್‌ಡೇಟ್ ಅರ್ಧದಲ್ಲಿದ್ದಾಗ ಇಡೀ ಮಗ್ಗದ ಮನೆಯ ಸ್ವಿಚ್ಚು ಇಳಿಸಿ, ಕೈಮುಗಿದು ಬಂದಿದ್ದೆ. ತಾಯಿಗೂ ಮಹಡಿಯ ಮರಿಗೂ ಹೊಸ ಬುದ್ಧಿ ಬಂದಿತ್ತು. ಮಗ್ಗದ ಮನೆಯದು ಅರೆಬರೆ ಬುದ್ಧಿಯಲ್ಲಿ ಒಂಟಿಯಾಗಿ ಕೆಂಪಗೆ ಕೂತಿತ್ತು.

ಯಜಮಾನರು ಪೇಪರು ಮಡಿಸಿದರು. ಅತ್ತ ಹುಡುಗಿ, “ಯಾಕೆ ಆಫ್ ಮಾಡಿದ್ರಿ ಆಂಟೀ?” ಎಂದಳು. ಅಮಾವಾಸ್ಯೆಗೆ ಎಂದೆ. ಅವಳು ದನಿ ತಗ್ಗಿಸಿ, “ಮಾ ಇಂಟ್ಲೋ ಕೂಡಾ ಮಗ್ಗಾಲು ಉನ್ನಾಯಿ ಆಂಟೀ” ಎಂದಳು. ಅವರ ಮನೆಯಲ್ಲೂ ಮಗ್ಗಗಳಿವೆಯಂತೆ! ಪುಣ್ಯಾತ್ಗಿತ್ತಿ, ಅಷ್ಟು ಬೈಸಿಕೊಂಡರೂ ನಗಲಿಲ್ಲ. ಡಬ್ಬಿಯನ್ನು ತಾಯಿಯ ಪಕ್ಕಕ್ಕೆ ತಂದು, ಹಿಂದಿನ ತೂತಿಗೆ ಪಿನ್ನು ಚುಚ್ಚಿ ಒತ್ತಿಹಿಡಿದು, ವೈರು ಜೋಡಿಸಿ ಮತ್ತೆ ಅಪ್‌ಡೇಟ್ ಮಾಡಲು ಹೇಳಿಕೊಟ್ಟಳು. ಸೆರಗಿನ ಪಿನ್ನು ತೆಗೆದು ಚುಚ್ಚಿದೆ. ಅದು ಮುಗಿಯುವವರೆಗೆ ಯಜಮಾನರು ಸ್ವಿಚ್ ಬೋರ್ಡಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತರು. ನನ್ನನ್ನು ಆ ಕಡೆ ಹಾಯಲೂ ಬಿಡಲಿಲ್ಲ.

ಸಂಜೆ ಮಗ್ಗದ ಮನೆಯಲ್ಲಿ ಹಸಿರು ದೀಪ. ಹರಿಣಿ ಡ್ಯೂಟಿ ಮುಗಿಸಿ ಬಂದು ಯೂನಿಫಾರ್ಮಿನಲ್ಲೇ ಕರೆಗೆ ಕೂತಳು. ಮಗ್ಗಕ್ಕೆ ಬಿಗಿದ ಬಟ್ಟೆಯನ್ನು ಓರೆ ಮಾಡುವಂತಿಲ್ಲ, ಹಾಗಾಗಿ ಫೋನನ್ನೇ ಬಗ್ಗಿಸಿದೆ, ಎತ್ತಿದೆ, ಮೆಲ್ಲಗೆ ಆಚೀಚೆ ಆಡಿಸಿದೆ. ನೀಲಿಯೊಳಗಿಂದ ಹಸಿರು ಎದ್ದು ಬಂತು. “ಅತ್ತೆ, ಅಲ್ಲೇ ಹಿಡ್ಕೋ! ಇದೇ... ಇದೇ ಬೇಕು ನಂಗೆ” ಎಂದಳು ಹುಡುಗಿ. ಅತ್ತಿಗೆ ಪಕ್ಕದಿಂದ ಇಣುಕಿ, “ಧರ್ಮಾವರದ್ ಮಾತ್ ಮರ್ತುಬುಡಮ್ಮ, ತಪ್ಪಾಯ್ತು” ಎಂದರು. ಆ ಗಳಿಗೆಯಲ್ಲಿ ನಾನು ಕಂಪನಿಯನ್ನೂ ಕ್ಷಮಿಸಿದೆ.

ಅಲ್ಲಿಗೆ ಫೋನು ಇಟ್ಟಿದ್ದರೆ ಆಗುತ್ತಿತ್ತು. ಹರಿಣಿ ಕೇಳಿದಳು: “ಅಂದಂಗೆ ಅತ್ತೆ, ವೈಫೈಗೆ ಕೊನೀಗೆ ಏನಾಗಿತ್ತಂತೆ?”

“ಕಂಪ್ನಿಯೋರ್ ತಪ್ಪು ಕಣೇ,” ಎಂದೆ, ಕಣ್ಣೂ ಮಿಟುಕಿಸದೆ.

ಬೆನ್ನ ಹಿಂದೆ ಅತ್ತೆ ಬಂದು ನಿಂತಿದ್ದು ನನಗೆ ಗೊತ್ತಾಗಿರಲಿಲ್ಲ. ನನ್ನ ಭುಜದ ಮೇಲಿಂದ ಫೋನಿಗೆ ಮುಖವೊಡ್ಡಿ, “ಹರಿಣೀ, ಅದ್ರ ಕತೆ ನಾನ್ ಯೋಳ್ತೀನಿ ಕೇಳಮ್ಮ” ಎಂದರು. ಆ ಕಡೆ ಅತ್ತಿಗೆ, “ರೀ, ಬರ್ರಿ ಇಲ್ಲಿ” ಎಂದು ನಮ್ಮಣ್ಣನನ್ನೂ ಕೂಗಿ ಕರೆದರು. ನಾನು ಗೂಡಿನ ಡಬ್ಬಿಯ ಕಡೆ ನೋಡಿ, ಒಂದೇ ಒಂದು ಸಲ ಕೆಂಪಾಗಪ್ಪ ಎಂದು ಮನಸ್ಸಿನಲ್ಲೇ ಕೈಮುಗಿದೆ. ಹಸಿರು ದೀಪ ಅಲುಗಲಿಲ್ಲ. ಚಿತ್ರ ನಿಲ್ಲಲಿಲ್ಲ, ದನಿ ತುಂಡಾಗಲಿಲ್ಲ. ಅಮಾವಾಸ್ಯೆಯಿಂದ ಹಿಡಿದು ಈರುಳ್ಳಿಯವರೆಗೆ, ಒಂದಕ್ಷರ ಬಿಡದೆ, ಇಡೀ ಕಥೆ ಕಲ್ಯಾಣದುರ್ಗ ಸೇರಿತು.